ಕಲ್ಲುಮೀನಿನ ರೆಕ್ಕೆ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ ನಾನು ಮಡಿಕೇರಿಯ ಒಂದು ಶಾಲೆಯಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿನ ವಿಜ್ಞಾನದ ಮೇಷ್ಟ್ರ ವಿಷಯವನ್ನು ಇಷ್ಟು ವರ್ಷ ಹೊತ್ತು ಸಾಕಾಗಿದೆ. ಅವರು ಏನನ್ನೇ ನೋಡಿದರೂ ಕನ್ನಡಕ ಒರೆಸಿಕೊಂಡು, "ಇನ್ನೊಮ್ಮೆ ನೋಡುವ" ಅನ್ನುತ್ತಿದ್ದರು.

ಯುದ್ಧಕ್ಕೆ ಹೋಗಿದ್ದ ಸುಬೇದಾರರೊಬ್ಬರು ಲೆಬನಾನಿನಿಂದ ತಂದ ಸುಣ್ಣಕಲ್ಲೊಂದನ್ನು ಅವರಿಗೆ ಕೊಟ್ಟಿದ್ದರು. ಅದರೊಳಗೆ ಅಂಗೈಯಷ್ಟು ಮೀನೊಂದು ಕಲ್ಲಾಗಿ ಅಂಟಿತ್ತು. ಅದು ಯಾವ ಮೀನೆಂದು ತಿಳಿಯಲು ಮೇಷ್ಟ್ರು ಮಳೆಗಾಲವಿಡೀ ಪುಸ್ತಕ ತಿರುವಿದರು.

"ಏನ್ ಸಾರ್, ಇದಕ್ಕೆ ಕಾಚಂಪುಳಿ ಹಾಕಿ ಸಾರು ಮಾಡುವುದು ಯಾವಾಗ?" ಎಂದು ಡ್ರಿಲ್ ಮೇಷ್ಟ್ರು ಕಾಡುತ್ತಿದ್ದರು.

ಒಂದು ಸಂಜೆ ವಿಜ್ಞಾನದ ಮೇಷ್ಟ್ರು, "ಬೆನ್ನಿನ ರೆಕ್ಕೆ ಬಾಲದ ಹತ್ತಿರ ಇದೆ. ನಾಳೆ ಅದರ ಕಡ್ಡಿ ಎಣಿಸಿದರೆ ಹೆಸರು ಸಿಕ್ಕಿದ ಹಾಗೆ" ಎಂದು ನಗುತ್ತಾ ಹೋದರು. ಚೆನ್ನಾಗಿ ಕಾಣಲಿ ಎಂದು ನಾನು, ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಮಾಡುವಂತೆ, ಕಲ್ಲಿಗೆ ಕಾಚಂಪುಳಿ ಹಚ್ಚಿ ಉಜ್ಜಿದೆ. ಮೀನುಸಾರಿನ ಆ ಹುಳಿಗೆ ಕಲ್ಲು ನೊರೆ ಬಿಟ್ಟಿತು. ತೊಳೆದು ನೋಡಿದರೆ ರೆಕ್ಕೆಯೇ ಇಲ್ಲ.

ಮರುದಿನ ಮೇಷ್ಟ್ರು ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನಿಂತರು.

"ನೀನು ನೋಡು ಮಾರಾಯ, ನಿನ್ನ ಕಣ್ಣು ಚುರುಕು. ಇಲ್ಲಿ ರೆಕ್ಕೆ ಇತ್ತಲ್ಲ?"

"ಇರಲಿಲ್ಲ ಸಾರ್" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದರೆ ನನ್ನ ಕಣ್ಣೇ ಹೋಗಿದೆ" ಎಂದರು. ಪುಸ್ತಕಗಳನ್ನು ಕಪಾಟಿಗೆ ಸೇರಿಸಲು ನನಗೇ ಹೇಳಿದರು.

ಆಮೇಲೆ ನಿವೃತ್ತರಾಗುವವರೆಗೂ, ಮಕ್ಕಳು ಹುಳವೋ ಎಲೆಯೋ ಏನು ತಂದರೂ, ಮೇಷ್ಟ್ರು ಅದನ್ನು ಮೊದಲು ನನ್ನ ಕೈಗೆ ಕೊಟ್ಟು, "ನೀನು ನೋಡಿ ಹೇಳು" ಅನ್ನುತ್ತಿದ್ದರು.

ನಾನು ನೋಡಿ ಹೇಳುತ್ತಿದ್ದೆ.