ತಕ್ಕಡಿಯಲ್ಲಿ ತೂಗಿದ ಕುದುರೆಗಳು

ಗೋಕಾಕದಲ್ಲಿ ಮೂಡಲಗಿ ಬಸ್ಸು ಹತ್ತಿದಾಗ ಕಿಟಕಿಯಿಂದ ಥಂಡಿ ಗಾಳಿ ನುಗ್ಗುತ್ತಿತ್ತು. ಹೆಂಗಸರಿಗೆ ಟಿಕೀಟಿನ ದುಡ್ಡಿಲ್ಲವಲ್ಲ, ಆಧಾರ್ ತೋರಿಸಿ ಹಾಯಾಗಿ ಕುಳಿತೆ. ನಮ್ಮ ಓಣಿಯವರು ಸೇರಿ ಮಕ್ಕಳಿಗೊಂದು ಉದ್ಯಾನ ಮಾಡಿದ್ದೇವೆ. ಅಲ್ಲಿ ಕೈಯಿಂದ ನೂಕಿ ತಿರುಗಿಸುವ ಹಳೆಯ ಮರದ ಕುದುರೆಗಳ ಆಟ ಇರಲೇಬೇಕೆಂದು ಹಟ ಹಿಡಿದವಳು ನಾನೇ. ಚಿಕ್ಕಂದಿನಲ್ಲಿ ಸಂತೆಯಲ್ಲಿ ಅದರ ಮೇಲೆ ಕುಳಿತು ಇಳಿಯಲೊಲ್ಲೆ ಎಂದು ಊರು ಕೂಡುವಂತೆ ಅತ್ತವಳು ನಾನು. ಅಂಥದೊಂದು ಮೂಡಲಗಿಯ ಬಾಳಪ್ಪ ಕಾಕಾನ ಮನೆಯಲ್ಲಿದೆ ಎಂದು ಗೊತ್ತಾಗಿತ್ತು.

ಕಲ್ಲೋಳಿ ದಾಟುವವರೆಗೂ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡಲಿಲ್ಲ. ಕಾಕಾನ ಪಡಸಾಲೆಯಲ್ಲಿ ಎಂಟು ಕುದುರೆಗಳು ಗೋಡೆಗೆ ಒರಗಿದ್ದವು. ಮಕ್ಕಳ ಕೈ ತಾಗಿ ತಾಗಿ ಕುತ್ತಿಗೆಯ ಬಣ್ಣ ಹೋಗಿತ್ತು.

"ನಮ್ಮಪ್ಪ ಬೇವಿನ ಮರ ತಂದು ಸ್ವತಾ ಕೆತ್ತಿದ್ದವ್ವಾ. ಚಕ್ಕಡ್ಯಾಗ ಹೇರ್ಕೊಂಡು ಸಂತಿ ಸಂತಿ ತಿರಗತಿದ್ವಿ," ಎಂದರು ಕಾಕಾ.

"ನಡುವಿನ ಕಂಬ ಎಲ್ಲೈತ್ರಿ?"

"ಹುಕ್ಕೇರ್ಯಾಗ. ತಮ್ಮ ಸತ್ಯಪ್ಪನ ಪಾಲಿಗೆ ಹೋತು."

ಅಪ್ಪ ತೀರಿದ ಮೇಲೆ ಹಿರಿಯರು ಕುಳಿತು ಪಾಲು ಮಾಡಿದ್ದರಂತೆ. ಯಾರಿಗೂ ಅನ್ಯಾಯ ಆಗಬಾರದೆಂದು ಬೆಲ್ಲ ತೂಗುವ ದೊಡ್ಡ ತಕ್ಕಡಿ ತರಿಸಿ, ಕುದುರೆಗಳನ್ನು ಅಣ್ಣನಿಗೂ ಕಂಬ, ತೊಲೆಗಳನ್ನು ತಮ್ಮನಿಗೂ ತೂಗಿ ಕೊಟ್ಟರು. ತಮ್ಮನ ಕಡೆ ತೂಕ ಕಡಿಮೆ ಬಿತ್ತೆಂದು ಒಂದು ತಾಮ್ರದ ಹಂಡೆಯನ್ನೂ ಸೇರಿಸಿದರು. ಅಯ್ಯೋ ಶಿವನೇ! ಇಷ್ಟೆಲ್ಲ ನ್ಯಾಯ ನೋಡಿದವರಿಗೆ ಇನ್ನು ಇದು ತಿರುಗುವುದು ಹೇಗೆ ಎಂಬುದೊಂದು ಹೊಳೆಯಲಿಲ್ಲ. ಅಂದಿನಿಂದ ಆಟ ನಿಂತಿತು. ನಾನೇಕೆ ಕೇಳಲಿ ಎಂದು ಇಬ್ಬರೂ ಬಿಗುವಿನಲ್ಲಿ ಕುಳಿತರು, ಮಾತೂ ನಿಂತಿತು.

"ನಾಳೆ ಹೋಟೆಲಿನವ್ರು ಬಂದು ಕುದರಿ ಒಯ್ತಾರ. ಬಾಗಲ್ದಾಗ ಚೆಂದಕ್ಕ ನಿಲ್ಲಸ್ತಾರಂತ," ಎಂದು ಕಾಕಾ ಮುಖ ತಿರುಗಿಸಿದರು. ನನಗೆ ಸಂಕಟವಾಯಿತು. ಇವತ್ತೇ ಕಂಬ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

"ಹುಕ್ಕೇರಿಗಿ ಹೋಗೂಣ ನಡೀರಿ ಕಾಕಾ."

"ನಾ ಒಲ್ಲೆ," ಎಂದರು. ಎನ್ನುತ್ತಲೇ ತಲೆಗೆ ಪಟಗಾ ಸುತ್ತಿಕೊಂಡು ಚಪ್ಪಲಿ ಮೆಟ್ಟಿದರು.

ಗೋಕಾಕದಲ್ಲಿ ಬಸ್ಸು ಬದಲಿಸಿದೆವು. ಬಿಸಿ ಮಿರ್ಚಿ ಭಜಿ ಕೊಡಿಸಿದರೆ ಕಾಕಾ ಮುಟ್ಟಲಿಲ್ಲ, ಎರಡು ಪಾಲನ್ನೂ ನಾನೇ ತಿಂದೆ. ಹುಕ್ಕೇರಿ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಅಣ್ಣನನ್ನು ಕಂಡು ಸತ್ಯಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಹೆಂಡತಿ ಗಂಗವ್ವ ಮಾತ್ರ, "ಒಳಗ ಬರ್ರಿ, ಮೊದಲ ಊಟ," ಎಂದು ರೊಟ್ಟಿ, ಝುಣಕ, ಮೊಸರು ಬಡಿಸಿದರು. ಅಣ್ಣತಮ್ಮಂದಿರು ತಾಟು ನೋಡುತ್ತ ಉಂಡರು. ತಡೆಯಲಾಗದೆ ನಾನೇ ಮಕ್ಕಳ ಉದ್ಯಾನಕ್ಕೆಂದು ಕಂಬ ಕೇಳಿದೆ.

"ಕಂಬ ಕೊಡಂಗಿಲ್ಲ," ಎಂದರು ಸತ್ಯಪ್ಪ.

ಕಾಕಾ ಎದ್ದರು. "ನಡಿಯವ್ವಾ, ಹೋಗೂಣು."

"ಕುಂದರೋ ಅಣ್ಣಾ! ವರ್ಷಾ ವರ್ಷಾ ಎಣ್ಣಿ ಹಚ್ಚಿ ಕಾಯ್ದಾಂವ ನಾನು. ಕಂಬ ಒಂದ ಕಳಸಂಗಿಲ್ಲ. ಅದರ ಜೋಡಿ ನಾನೂ ಬರ್ತೇನಿ."

ಕಾಕಾ ಕುಳಿತರು. ನನ್ನ ಫೋನಿನಿಂದಲೇ ಹೋಟೆಲಿನವರಿಗೆ ಬರಬೇಡಿ ಎಂದು ಹೇಳಿದರು.

ಸಂಜೆ ಕಂಬ, ತೊಲೆ ಟೆಂಪೋ ಏರಿದವು. ಮೂಡಲಗಿಗೆ ಹೋಗಿ ಕುದುರೆಗಳನ್ನೂ ಹೇರಿಕೊಳ್ಳುವುದೆಂದಾಯಿತು. ನಾನು ಚಾಲಕನ ಬಾಜೂ ಕುಳಿತೆ, ಅವರಿಬ್ಬರೂ ಹಿಂದೆ ಕಂಬದ ಮೇಲೇ ಕುಳಿತರು. ಹುಕ್ಕೇರಿ ಹಿಂದಾಗುವಾಗ ಯಾರು ನೂಕಬೇಕೆಂದು ಜಗಳ ಸುರುವಾಗಿತ್ತು.

"ನಾ ನೂಕ್ತೇನಿ, ನೀ ಕುದರಿ ಮ್ಯಾಲ ಕುಂದರು," ಎನ್ನುತ್ತಿದ್ದರು ಕಾಕಾ. "ಊರ ಮಕ್ಕಳನ್ನೆಲ್ಲಾ ತಿರಗಿಸಿದ್ವಿ. ಅಪ್ಪ ನಮ್ಮಿಬ್ಬರನ್ನ ಒಮ್ಮಿನೂ ಹತ್ತಗೊಡಲಿಲ್ಲಲ್ಲೋ."