ಸಮುದ್ರ ಕಾಂಬ ರೂಮು

ಮೊನ್ನೆ ಮಗಳು ತನ್ನ ಫೋನನ್ನು ನನ್ನ ಮೂಗಿನ ತನಕ ತಂದು ಹಿಡಿದು, "ಅಪ್ಪಯ್ಯ, ಮೈಸೂರಲ್ಲಿ ಉಳ್ಕಂಬುಕೆ ಹೋಟೆಲ್ ನೀವೇ ಆರ್ಸಿ. ಕಡಿಕೆ ನಂಗ್ ಬೈದ್ರೆ ಆತಿಲ್ಲೆ" ಎಂದಳು. ನಾನು ಬ್ರಹ್ಮಾವರದ ಶಾಲೆಯಲ್ಲಿ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಮಾರ್ಕು ಕೊಡುತ್ತಿರುವವನು. ಈ ಫೋನಿನೊಳಗೆ ಹೋಟೆಲುಗಳಿಗೂ ಮಾರ್ಕು ಕೊಟ್ಟಿರುತ್ತಾರೆ: ಜಾಗಕ್ಕೆ ಇಷ್ಟು, ಕಿಟಕಿಯ ನೋಟಕ್ಕೆ ಇಷ್ಟು, ಕೊಟ್ಟ ದುಡ್ಡಿಗೆ ಸಿಗುವ ಸುಖಕ್ಕೆ ಇಷ್ಟು. ನಾನು ಕನ್ನಡಕ ಏರಿಸಿ ಒಂದೊಂದೇ ಫೋಟೊ ಸರಿಸುತ್ತಾ ಹೋದೆ. ಎಲ್ಲ ಕಡೆಯೂ ಅದೇ ಬಿಳಿ ಹಾಸಿಗೆ, ಅದೇ ಬಾತುಕೋಳಿ ಮಾಡಿಟ್ಟ ಟವೆಲು. ಒಂದು ಫೋಟೊದಲ್ಲಿ ಮಾತ್ರ ಚಾದರದ ಮೂಲೆಯನ್ನು ಅಂಚೆ ಲಕೋಟೆಯ ಹಾಗೆ ಮಡಚಿ ಹಾಸಿಗೆಯಡಿಗೆ ಸಿಕ್ಕಿಸಿದ್ದರು. ನನ್ನ ಬೆರಳು ಅಲ್ಲೇ ನಿಂತಿತು. ಆ ಮಡಿಕೆ ನನಗೆ ಗೊತ್ತು. ಅದು ಶೀನ ಮಾವನ ಮಡಿಕೆ.

ಶೀನ ಮಾವ ಅಂದರೆ ನನ್ನ ಅಮ್ಮನ ತಮ್ಮ, ಬೀಜಾಡಿಯವರು. ಆರಡಿ ಎತ್ತರದ ಆಳು. ಬೊಂಬಾಯಿಯ ಒಂದು ಲಾಡ್ಜಿನಲ್ಲಿ ಮೂವತ್ತೈದು ವರ್ಷ ರೂಮಿನ ಕೆಲಸ ಮಾಡಿದವರು. ನೀವು ನಮ್ಮ ಕಡೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರಾದರೂ 'ಹೋಟೆಲಿಗೆ ಹೋದ' ಅಂದರೆ ದುಡಿಯಲಿಕ್ಕೆ ಹೋದ ಅಂತಲೇ ಅರ್ಥ, ಉಳಿಯಲಿಕ್ಕಲ್ಲ. ಬೊಂಬಾಯಿಗೆ ಹೋದವರು ದುಡ್ಡು ಕೊಟ್ಟು ರೂಮು ಹಿಡಿದರೆ ಊರಿನಲ್ಲಿ ಮರ್ಯಾದೆ ಹೋಗುತ್ತಿತ್ತು. 'ನಮ್ಮೋರ್ ಯಾರೂ ಇರ್ಲಿಲ್ಯಾ ಅಲ್ಲಿ?' ಎಂದು ಕೇಳಿ ಕೇಳಿ ಮಾನ ತೆಗೆಯುತ್ತಿದ್ದರು. ಅಂಗಡಿಯ ಅಟ್ಟವೋ, ಹೋಟೆಲಿನ ಬೆಂಚೋ, ನಮ್ಮವರು ಇದ್ದಲ್ಲಿ ಚಾಪೆ ಬಿಡಿಸಿ ಬಿದ್ದುಕೊಳ್ಳಬೇಕು. ಅಂಥ ಊರಿನಲ್ಲಿ ಶೀನ ಮಾವನದ್ದು ಮಾತ್ರ ಬೇರೆಯೇ ಕಥೆ. ಅವರಿಗೆ ಸ್ವಂತ ರೂಮಿತ್ತು! ಮೂರನೇ ಮಾಳಿಗೆ, ಮಂಚ, ಕಿಟಕಿ, ಕಿಟಕಿ ತೆಗೆದರೆ ಸಮುದ್ರ.

ಪ್ರತಿ ವರ್ಷ ಮೇ ತಿಂಗಳಲ್ಲಿ ರಜೆಗೆ ಬಂದಾಗ ಈ ಕಥೆ ಆಗಲೇಬೇಕು. ನಾವು ಮಕ್ಕಳೆಲ್ಲ ಹಲಸಿನ ಹಪ್ಪಳ ಕಡಿಯುತ್ತಾ ಕೂತು ಕೇಳುತ್ತಿದ್ದೆವು. "ಸಂಜಿಗ್ ಕೆಲ್ಸ ಮುಗ್ಸಿ ಕಿಟಕಿ ತೆಗ್ದ್ರೆ, ಗಾಳಿ ಅಂದ್ರೆ ಗಾಳಿ! ನಮ್ಮ ಬೀಜಾಡಿ ಗಾಳಿಯೇ ಅಲ್ಲಿಗ್ ಬತ್ತ್" ಎನ್ನುತ್ತಿದ್ದರು ಮಾವ. ಅವರ ಹೆಂಡತಿ ಗುಲಾಬಿ ಅತ್ತೆ ಒಳಗೆ ಮೀನು ಕೊಯ್ಯುತ್ತಾ ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಅತ್ತೆ ಕೋಟೇಶ್ವರದ ಪೇಟೆಗೆ ಬುಟ್ಟಿ ಹೊತ್ತು ಮೀನು ಮಾರಿದವರು. ಮಾವ ಊರಿನಲ್ಲಿಲ್ಲದ ಹನ್ನೊಂದು ತಿಂಗಳು ಸಂಜೆ ಖಾಲಿ ಬುಟ್ಟಿ ಇಳಿಸಿ ಮನೆಯ ಹಿಂದಿನ ಮರಳಿನಲ್ಲಿ ಕಾಲು ನೀಡಿ ಕೂತು ನಮಗೆ ಹೇಳುತ್ತಿದ್ದರು: "ಈಗ ಅವ್ರೂ ಕಿಟಕಿ ತೆಗ್ದಿರ್."

ಅಂಥ ರೂಮಿನ ಯಜಮಾನರು ಊರಿಗೆ ಬಂದರೆ ಮಲಗುತ್ತಿದ್ದ ಚಂದ ಮಾತ್ರ ನಮಗೆ ದೊಡ್ಡ ತಮಾಷೆ. ಚಾವಡಿಯ ತುಂಬ ಜಾಗ ಇದ್ದರೂ ಗೋಡೆಯ ಬದಿಗೆ ಸರಿದು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುಡಿ ಮಲಗುವರು. ಆರಡಿ ಆಳು ಮೂರಡಿ ಆಗುತ್ತಿದ್ದರು. ನಾವು ಅವರಿಗೆ 'ಚಟ್ಲಿ ಮಾವ' ಎಂದು ಹೆಸರಿಟ್ಟಿದ್ದೆವು. ಚಟ್ಲಿ ಅಂದರೆ ನಮ್ಮಲ್ಲಿ ಸಿಗಡಿ. ಹೆಸರಿಟ್ಟವನು ನಾನೇ, ಅದಕ್ಕೆ ಆಗ ನನಗೆ ಬಹಳ ಹೆಮ್ಮೆಯಿತ್ತು.

ಮಾವ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷವಾಗಿರಬೇಕು, ಅಂದರೆ ಈಗ್ಗೆ ಎಂಟು ವರ್ಷದ ಹಿಂದಿನ ಮಾತು. ಒಂದು ಭಾನುವಾರ ನಾನು ಬೀಜಾಡಿಗೆ ಹೋದಾಗ ಅತ್ತೆ ಚಾ ಲೋಟ ಕೈಗಿಡುತ್ತಲೇ ಹೇಳಿದರು: "ನಾನ್ ಬೊಂಬಾಯಿಗ್ ಹೋಯ್ಕ್. ಇವ್ರ್ ಇದ್ದ ರೂಮ್ ಕಾಣ್ಕ್. ಅದ್ರೊಳ್ಗೇ ಒಂದ್ ದಿನ ಇರ್ಕ್."

ಮಾವನ ಮುಖ ಇಳಿಯಿತು. "ಎಂತಕೆ? ಅಲ್ಲಿ ಎಂತ ಇತ್ತ್? ಬರೀ ಜನ, ಬರೀ ಹೊಗೆ" ಎಂದರು. ರೈಲಿನಲ್ಲಿ ಸೊಂಟ ಹಿಡಿಯುತ್ತದೆ ಎಂದರು. ಆ ಲಾಡ್ಜ್ ಬಿದ್ದೇ ಹೋಗಿರಬಹುದು ಎಂದೂ ಹೇಳಿ ನೋಡಿದರು.

"ಬಿದ್ದಿದ್ರೆ ಬಿದ್ದದ್ದನ್ನೇ ಕಂಡ್ಕಂಡ್ ಬತ್ತೆ" ಎಂದರು ಅತ್ತೆ. "ನೀವ್ ಬರ್ದಿದ್ರೆ ಬ್ಯಾಡ. ನಾನ್ ಒಬ್ಳೇ ಹೋತೆ."

ಅತ್ತೆಯ ಹಠ ಉಡದ ಪಟ್ಟು. ಕೋಟೇಶ್ವರದ ಪೇಟೆಯಲ್ಲಿ ಅವರ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಯಾರೂ ಇಲ್ಲ. ನಾನು ಓದಿದವನು, ಫೋನಿರುವವನು ಎಂದು ರೂಮು ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು.

ಅತ್ತೆ ಬಟ್ಟೆ ತೆಗೆಯಲು ಹೊರಗೆ ಹೋದದ್ದೇ ತಡ, ಮಾವ ನನ್ನ ರಟ್ಟೆ ಹಿಡಿದು ಬಾವಿಕಟ್ಟೆಯ ಹತ್ತಿರ ಎಳೆದುಕೊಂಡು ಹೋದರು. "ಆ ರೂಮ್ ನಂದಲ್ಲ ಮಾರಾಯ" ಎಂದರು. "ನಾನ್ ಅದನ್ನ ಗುಡ್ಸಿ ಚಾದ್ರ ಹಾಕ್ತಿದ್ದೆ, ಅಷ್ಟೆ. ಒಬ್ಬ ಗಿರಾಕಿ ಖಾಲಿ ಮಾಡಿ ಇನ್ನೊಬ್ಬ ಬಪ್ಪುದ್ರೊಳಗೆ ಹತ್ ನಿಮಿಷ ಸಿಕ್ತಿತ್ತ್. ಆಗ ಕಿಟಕಿ ಹತ್ರ ನಿಲ್ತಿದ್ದೆ."

"ಮತ್ತೆ ನೀವ್ ಮನಿಕಂತಿದ್ದದ್ ಎಲ್ಲಿ?"

"ಮೆಟ್ಲ್ ಅಡಿಗೆ." ಮಾವ ಬಾವಿಯೊಳಗೆ ನೋಡುತ್ತಾ ಹೇಳಿದರು. "ಮದಿ ಆದ ಹೊಸ್ತ್ರಲ್ಲಿ ಒಂದ್ ಸುಳ್ಳ್ ಹೇಳ್ದೆ. ಅವ್ಳಿಗೆ ಖುಷಿ ಆಯ್ತ್. ಮತ್ತೆ ಬಿಡೂಕೇ ಆಯ್ಲಿಲ್ಲ. ಹೆಂಗಾರೂ ಮಾಡಿ ಬ್ಯಾರೆ ಹೋಟೆಲ್ ಮಾಡ್. ಅವ್ಳಿಗ್ ಗೊತ್ತಾಪುಕಾಗ."

ಚಟ್ಲಿ ಮಾವ ಎಂದು ಹೆಸರಿಟ್ಟು ಕುಣಿದ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅತ್ತೆಯ ಮೂವತ್ತೈದು ವರ್ಷದ ಕಿಟಕಿಯನ್ನು ಉಳಿಸಿಕೊಡುವುದು ನನ್ನ ಕರ್ತವ್ಯ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಆಮೇಲಿನ ಒಂದು ವಾರ ನಾನು ಹೋಟೆಲು ಆರಿಸಿದಷ್ಟು ಶ್ರದ್ಧೆಯಿಂದ ಹೆಣ್ಣು ನೋಡುವಾಗಲೂ ಆರಿಸಿರಲಿಲ್ಲ (ಇದನ್ನು ನನ್ನ ಹೆಂಡತಿಗೆ ಹೇಳಬೇಡಿ). ಇದ್ದ ಸಂಬಳದಲ್ಲಿ ಸ್ವಲ್ಪ ಕೈ ಬಿಚ್ಚಿ ಒಳ್ಳೆಯದನ್ನೇ ಹುಡುಕಿದೆ. ಒಂದು ಸಮುದ್ರದ ಎದುರಿಗೇ ಇತ್ತು, ಕಿಟಕಿಯೇ ಗೋಡೆಯಷ್ಟು ದೊಡ್ಡದು. ಅತ್ತೆಗೆ ಫೋಟೊ ತೋರಿಸಿ, "ಕಾಣಿ ಅತ್ತೆ, ಸಮುದ್ರ ಕಾಲಡಿಗೇ ಇತ್ತ್" ಎಂದೆ.

"ಫೋಟದಲ್ಲಿ ಸಣ್ಣ ಬಂಗ್ಡಿ ಮೀನೂ ದೊಡ್ಡ ಅಂಜಲ್ ಕಂಡಂಗೆ ಕಾಣತ್" ಎಂದರು ಅತ್ತೆ. "ಮೀನ್ ತಕಂಬವ್ರ್ ಕಿವಿ ಎತ್ತಿ, ಒಳ್ಗೆ ಕೆಂಪಿತ್ತಾ ಕಾಂತ್ರ್. ನಂಗ್ ಇವ್ರ್ ಇದ್ದ ಲಾಡ್ಜೇ ಆಯ್ಕ್."

ಸ್ಟೇಶನ್ನಿಗೆ ಹತ್ತಿರದ್ದು ತೋರಿಸಿದೆ, ಬೇಡ. ಬೆಳಗಿನ ತಿಂಡಿ ಪುಕ್ಕಟೆ ಇರುವುದು ತೋರಿಸಿದೆ. "ತಿಂಡಿ ತಿಂಬುಕೆ ಬೊಂಬಾಯಿಗ್ ಹೋಯ್ಕಾ?" ಕಡೆಗೆ ಸೋತು ಮಾವನ ಲಾಡ್ಜಿಗೇ ಫೋನು ಮಾಡಿದೆ. ಅದು ಬಿದ್ದಿರಲಿಲ್ಲ. ಮೂರನೇ ಮಾಳಿಗೆಯ ಆ ಮೂಲೆ ರೂಮು ಖಾಲಿಯೂ ಇತ್ತು. ನನಗೆ ಪಕ್ಕದ ಒಂದು ಸಣ್ಣ ರೂಮು ಸಿಕ್ಕಿತು.

ಕುಂದಾಪುರ ಸ್ಟೇಶನ್ನಿನಿಂದ ಹೊರಟು ಮರುದಿನ ಬೊಂಬಾಯಿ ಮುಟ್ಟುವ ತನಕ ಮಾವ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಲಾಡ್ಜಿನ ಕೌಂಟರಿನಲ್ಲಿ ಹೊಸ ಮ್ಯಾನೇಜರು, ನಮ್ಮ ಶಂಕರನಾರಾಯಣ ಊರಿನ ಕಡೆಯವರು. ಮಾವನ ಗುರುತು ಅವರಿಗೆ ಹತ್ತಲಿಲ್ಲ. ಬದುಕಿದೆವು ಎಂದುಕೊಂಡೆ. ಮೆಟ್ಟಿಲು ಹತ್ತುವಾಗ ಮಾವ ನಮ್ಮ ಚೀಲ ಹೊತ್ತದ್ದಲ್ಲದೆ ಹಿಂದೆ ಬರುತ್ತಿದ್ದ ಯಾರದೋ ಪೆಟ್ಟಿಗೆಗೂ ಕೈ ಹಾಕಿದರು. ನಾನು ಕಣ್ಣು ಬಿಟ್ಟು ಹೆದರಿಸಿದೆ.

ರೂಮಿನೊಳಗೆ ಹೋದದ್ದೇ ಅತ್ತೆ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಬಾಗಿಲು ತೆಗೆದರು. ಎರಡು ಕಟ್ಟಡಗಳ ನಡುವೆ, ಸೀರೆಯ ಅಂಚಿನಷ್ಟು ಅಗಲಕ್ಕೆ, ಸಮುದ್ರ ಇತ್ತು. ಇತ್ತು, ಸುಳ್ಳಲ್ಲ. ಅತ್ತೆ ಒಂದು ಗಳಿಗೆ ನೋಡಿದರು, "ಹೂಂ" ಎಂದರು, ತಿರುಗಿ ನಿಂತರು. ಮಾವ ಮಂಚದ ಮೇಲೆ ಕೂತಿರಲಿಲ್ಲ. ಬಗ್ಗಿ ಚಾದರದ ಮೂಲೆಯನ್ನು ಬಿಚ್ಚಿ, ಲಕೋಟೆಯ ಹಾಗೆ ಮಡಚಿ ಮತ್ತೆ ಸಿಕ್ಕಿಸುತ್ತಿದ್ದರು. ಆಗ ಹೊರಗಿನ ಪ್ಯಾಸೇಜಿನಲ್ಲಿ ಬೆಲ್ಲು ಹೊಡೆಯಿತು.

"ಆಯಾ ಸಾಬ್, ಬಂದೆ!" ಎಂದವರೇ ಮಾವ ಓಡಿದರು. ನಾನು ಹಿಡಿಯುವುದರೊಳಗೆ ಬಾಗಿಲು ದಾಟಿ ಹೋಗಿಯೂ ಆಯಿತು. ವಾರಗಟ್ಟಲೆ ಕಾಪಾಡಿದ ಗುಟ್ಟು ಒಂದು ಬೆಲ್ಲಿಗೆ ಒಡೆದುಹೋಯಿತಲ್ಲ ಎಂದು ಅತ್ತೆಯ ಮುಖ ನೋಡಲೂ ಹೆದರಿಕೆಯಾಯಿತು. ಮಾವ ಎರಡು ನಿಮಿಷ ಬಿಟ್ಟು ತಲೆ ತಗ್ಗಿಸಿ ಬಂದರು.

"ಯಾರ್ ಕರ್ದದ್?" ಅತ್ತೆ ಕೇಳಿದರು.

"ಎದ್ರಿನ ರೂಮಿನವ್ರ್. ಎರ್ಡ್ ಚಾ ಬೇಕಂಬ್ರ್" ಎಂದರು ಮಾವ. ಆರ್ಡರು ತೆಗೆದುಕೊಂಡೇ ಬಂದಿದ್ದರು ಮಹಾರಾಯರು.

ಅತ್ತೆ ಹೋಗಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. "ಹ್ವಾಯ್, ಬನ್ನಿ ಇಲ್ಲಿ. ನಂಗ್ ಗೊತ್ತಿತ್ತ್."

"ಎಂತ ಗೊತ್ತಿತ್ತ್?"

"ಈ ರೂಮ್ ನಿಮ್ದಲ್ಲ ಅಂದೇಳಿ. ಮದಿ ಆದ ಎರಡ್ನೇ ವರ್ಷವೇ ಗೊತ್ತಾಯ್ತ್. ಮಂಚದ್ ಮೇಲೆ ಮನಿಕಂಬ ಗಂಡ್ಸ್, ಮನಿಗ್ ಬಂದ್ರೆ ಅಷ್ಟ್ ದೊಡ್ಡ ಚಾವಡಿಯಲ್ಲಿ ಹಾಂಗೆ ಮುದ್ಡಿ ಮನಿಕಂತ್ರಾ? ನೀವ್ ಮನಿಕಂಬ ಜಾಗ ಎಷ್ಟ್ ಉದ್ದ, ಎಷ್ಟ್ ಅಗ್ಲ ಅಂದೇಳಿ ನಾನ್ ಕಂಡೇ ಅಳ್ತೆ ಮಾಡಿದ್ದೆ."

ಮಾವ ನಿಂತಲ್ಲೇ ನಿಂತರು. "ಗೊತ್ತಿದ್ದೂ ಮತ್ತೆಂತಕೆ ಬಂದದ್? ಕಿಟಕಿ ಕಾಂಬುಕೆ?"

"ಸಮುದ್ರ ನಮ್ಮನಿ ಹಿಂದೆ ಬೇಕಾದಷ್ಟ್ ಇತ್ತ್. ಇಲ್ಲಿ ಬಂದ್ ಕಾಂಬುದೆಂತ?" ಅತ್ತೆ ಮಂಚ ತಟ್ಟಿ ತೋರಿಸಿದರು. "ನೀವ್ ಮೂವತ್ತೈದ್ ವರ್ಷ ಹಾಸಿದ ಈ ಮಂಚದ್ ಮೇಲೆ ಕಾಲ್ ನೀಡಿ ಮನಿಕಂಬುದ್ ನಾನ್ ಕಾಣ್ಕ್. ಅದಕೇ ಬಂದದ್. ಮನಿಕಣಿ."

ಮಾವ ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಮಲಗಿದರು. ಮಲಗಿದವರೇ ಗೋಡೆಯ ಕಡೆ ತಿರುಗಿ ಮೊಣಕಾಲು ಎಳೆದುಕೊಂಡರು. ಬೇಕೆಂದು ಮಾಡಿದ್ದಲ್ಲ, ಮೈಗೆ ಬೇರೆ ಗೊತ್ತಿರಲಿಲ್ಲ. ಅತ್ತೆ ಕಾಲ ಬುಡದಲ್ಲಿ ಕೂತು ಒಂದೊಂದೇ ಮೊಣಕಾಲನ್ನು ಅಂಗೈಯಿಂದ ಒತ್ತಿ ಒತ್ತಿ ಬಿಡಿಸಿದರು. "ನೀಡಿ. ಇನ್ನೂ ನೀಡಿ. ಯಾರೂ ಬೆಲ್ ಹೊಡೂದಿಲ್ಲೆ. ಹೊಡದ್ರೆ ನಾನಿದ್ದೆ." ಕಾಲು ನೀಡಿದಾಗ ಮಾವನ ಪಾದ ಮಂಚದಿಂದ ಒಂದು ಗೇಣು ಹೊರಗೆ ಬಂತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗೊರಕೆ ಕೇಳಿಸಿತು. ಅತ್ತೆ ಮೆಲ್ಲಗೆ, "ಆ ಎದ್ರಿನ ರೂಮಿಗೆ ಚಾ ಹೇಳಿಕೊಂಡ್ ಬಾ ಮಗ, ಪಾಪ ಕಾಯ್ತ್ರ್" ಎಂದರು.

ಮರುದಿನ ಹೊರಡುವಾಗ, ಮಾವ ತೋರಿಸಿದ ಮೆಟ್ಟಿಲ ಬುಡದಲ್ಲಿ ಅತ್ತೆ ನಿಂತು, ಬಗ್ಗಿ, ಅಲ್ಲಿನ ಸಣ್ಣ ಬಾಗಿಲು ತೆಗೆದು ಕೈಯಿಂದ ಅಳೆದರು. ಮ್ಯಾನೇಜರನ್ನು ಕರೆದು, "ಈಗ ಇಲ್ಲಿ ಯಾರ್ ಮನಿಕಂತ್ರ್?" ಎಂದು ಕೇಳಿದರು. ಈಗ ಅಲ್ಲಿ ಬಾಲ್ದಿ ಪೊರಕೆ ಇಡುವುದಷ್ಟೇ, ಕೆಲಸದವರಿಗೆಲ್ಲ ಮೇಲೆ ಮಂಚ ಹಾಕಿದ ರೂಮಿದೆ ಎಂದರು ಅವರು. "ತೋರ್ಸಿ" ಎಂದರು ಅತ್ತೆ. ಟ್ಯಾಕ್ಸಿ ಕಾಯುತ್ತಿದೆ ಎಂದು ನಾನು ಹೇಳಿದ್ದು ಅವರ ಕಿವಿಗೇ ಬೀಳಲಿಲ್ಲ. ನಾಲ್ಕು ಮಾಳಿಗೆ ಹತ್ತಿ, ಮಂಚಗಳನ್ನು ಕಣ್ಣಾರೆ ಕಂಡು, ಒಂದರ ಮೇಲೆ ಕೂತು ನೋಡಿ ಇಳಿದರು.

ಊರಿಗೆ ಬಂದ ಮೇಲೆ ಕೋಟೇಶ್ವರದ ಪೇಟೆಯಲ್ಲಿ ಅತ್ತೆ ಎಲ್ಲರ ಹತ್ತಿರ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ನಮ್ಮನಿಯವ್ರ್ ಇದ್ದ ರೂಮ್ ಕಂಡ್ ಬಂದೆ. ಅವ್ರ್ ಹೇಳಿದಂಗೇ ಇತ್ತ್. ಕಿಟಕಿ ತೆಗ್ದ್ರೆ ಸಮುದ್ರ." ಇಂದಿಗೂ ಬೀಜಾಡಿಯಲ್ಲಿ ಅದೇ ಕಥೆ ನಡೆಯುತ್ತಿದೆ. ಮಾವ ಈಗ ಚಾವಡಿಯ ನಡುವೆ ಮಲಗುತ್ತಾರೆ. ನಡೆದು ಹೋಗುವವರು ಅವರ ಕಾಲು ದಾಟಬೇಕು.

"ಅಪ್ಪಯ್ಯ, ಆಯ್ತಾ ಆರ್ಸಿ?" ಎಂದು ಮಗಳು ಮತ್ತೆ ಬಂದಳು. ಇಷ್ಟು ವರ್ಷ ಅಗ್ಗದ್ದನ್ನೇ ಆರಿಸಿಕೊಂಡು ಬಂದವನು ನಾನು. ಬೊಂಬಾಯಿಯಲ್ಲಿ ಅಷ್ಟು ಅತ್ತು ಬಂದವನು ಆಮೇಲೆ ಒಂದು ಹೋಟೆಲಿನಲ್ಲಾದರೂ ಅತ್ತೆಯ ಪ್ರಶ್ನೆ ಕೇಳಿದೆನೇ? ಇಲ್ಲ. ನಾಚಿಕೆ. ಮೊನ್ನೆ ಮೊದಲ ಸಲ, ಆ ಚಾದರದ ಮೂಲೆಯ ಹೋಟೆಲಿಗೆ ಫೋನು ಹಚ್ಚಿ ಕೇಳಿದೆ: "ನಿಮ್ಮಲ್ಲಿ ರೂಮಿನ ಕೆಲಸದವರು ಎಲ್ಲಿ ಮಲಗ್ತಾರೆ?"

ಮಗಳು ತಲೆ ಚಚ್ಚಿಕೊಂಡಳು. ಆ ಕಡೆಯವರು ದನಿ ತಗ್ಗಿಸಿ, "ನಾನೇ ಸಾರ್ ರೂಮ್ ನೋಡ್ಕೊಳ್ಳೋದು. ಕೌಂಟರ್ ಹಿಂದೇನೇ ಮಲ್ಕೋತೀನಿ" ಎಂದರು.

"ಕಾಲು ನೀಡೋಕೆ ಜಾಗ ಇದೆಯಾ?"

"ಇಲ್ಲ ಸಾರ್." ಅವರು ನಕ್ಕರು, ವಯಸ್ಸಾದವರ ನಗು. "ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ರಲ್ಲ, ನಮ್ಮ ಯಜಮಾನರಿಗೂ ಒಂದು ಮಾತು ಹೇಳಿ ಸಾರ್."

ಹೇಳುತ್ತೇನೆ ಎಂದೆ. ಯಜಮಾನರ ನಂಬರು ತೆಗೆದುಕೊಂಡು, ಆಗಲೇ ಫೋನು ಮಾಡಿ, ಕೆಲಸದವರಿಗೆ ಒಂದು ಮಂಚ ಹಾಕಿದ ದಿನ ರೂಮು ಹಿಡಿಯುತ್ತೇವೆ, ಅಲ್ಲಿಯ ತನಕ ಇಲ್ಲ ಎಂದು ಹೇಳಿಯೂ ಬಿಟ್ಟೆ. ಅವರು ಫೋನಿಟ್ಟರು. ಮಗಳು ನನ್ನನ್ನೇ ನೋಡುತ್ತಾ ಪಕ್ಕದಲ್ಲಿ ಕೂತಳು. ಶೀನಜ್ಜ ಮೊದಲು ಹೇಗೆ ಮಲಗುತ್ತಿದ್ದರು, ಈಗ ಹೇಗೆ ಮಲಗುತ್ತಾರೆಂದು ಅವಳೂ ಕಂಡವಳೇ. ನನ್ನ ಕೈಯಿಂದ ಫೋನು ತೆಗೆದುಕೊಂಡು, ಪಟ್ಟಿಯ ಎರಡನೇ ಹೋಟೆಲನ್ನು ಒತ್ತಿ ಕಿವಿಗೆ ಹಿಡಿದುಕೊಂಡಳು.

"ಸುಮ್ನಿರಿ ಅಪ್ಪಯ್ಯ" ಎಂದಳು. "ಈಗ ನಾನ್ ಕೇಂತೆ."