ಅರೆಮಂಡಿಯ ಅಳತೆ

ಆ ಹುಡುಗಿಯನ್ನು ನಾನು ಅರೆಮಂಡಿಯಲ್ಲಿ ಕೂರಿಸಲಿಲ್ಲ, ಅತ್ತಿಗೆ. ನಿಂತ ಹಾಗೆಯೇ ಅಳತೆ ತೆಗೆದುಕೊಂಡು ಬಂದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ಉಡುಪು ಹರಿದದ್ದರಲ್ಲಿ ನಿಮ್ಮ ಕತ್ತರಿಯ ತಪ್ಪೇನೂ ಇರಲಿಲ್ಲ.

ಭರತನಾಟ್ಯದ ಉಡುಪಿಗೆ ಅಳತೆ ತೆಗೆಯುವುದನ್ನು ಬನಶಂಕರಿಯ ನಿಮ್ಮ ಮನೆಯಲ್ಲಿ ನನಗೆ ಕಲಿಸಿದವರು ನೀವೇ. ಮೊದಲು ಸೊಂಟಕ್ಕೊಂದು ದಾರ ಕಟ್ಟಬೇಕು. ಆಮೇಲೆ ಹುಡುಗಿ ಮಂಡಿ ಅಗಲಿಸಿ, ಬಾಗಿಸಿ, ಅರ್ಧ ಕೂತ ಭಂಗಿಗೆ, ಅಂದರೆ ಅರೆಮಂಡಿಗೆ, ಬರಬೇಕು. ಆ ದಾರದ ಮುಂಭಾಗದಿಂದ ಕಾಲುಗಳ ನಡುವೆ ಹಾಯಿಸಿ ಹಿಂಭಾಗದವರೆಗೆ ಟೇಪು ಹಿಡಿಯಬೇಕು — ಅದನ್ನು ನೀವು ಆಸನ ಎನ್ನುತ್ತಿದ್ದಿರಿ. "ನಿಂತಾಗ ಎಲ್ರೂ ಸಣ್ಣಾನೇ ಕಣೇ ಸುಧಾ. ಕೂತಾಗ್ಲೇ ಬಟ್ಟೆಗೆ ಕಷ್ಟ," ಎಂದು ನಗುತ್ತಿದ್ದಿರಿ.

ಆ ಸಲ ನಿಮ್ಮ ಕಾಲು ಉಳುಕಿತ್ತು. ಜೆ.ಪಿ. ನಗರದ ಆ ಹುಡುಗಿಯ ಮನೆಗೆ ನನ್ನನ್ನು ಕಳಿಸಿದಿರಿ. ರಂಗಪ್ರವೇಶದ ಉಡುಪು, ಹುಡುಗಿಯ ಅಜ್ಜಿಯ ರೇಷ್ಮೆ ಸೀರೆಯಲ್ಲಿ ಆಗಬೇಕಿತ್ತು.

ಯಾಕೆ ಕೂರಿಸಲಿಲ್ಲ? ಹಾಲ್‌ನಲ್ಲಿ ಅವಳ ಸೋದರಮಾವ ಇದ್ದರು, ಹುಡುಗಿ ನಾಚಿಕೊಂಡಳು — ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದದ್ದು ಇದು. ಈಗ ಬರೆಯುತ್ತಾ ಆ ಮಾವನ ಮುಖ ನೆನಪಿಸಿಕೊಳ್ಳಲು ನೋಡಿದರೆ — ಮುಖವೇ ಇಲ್ಲ. ಸೋಫಾ ಇದೆ, ಮನುಷ್ಯ ಇಲ್ಲ. ಆಮೇಲೆ ನಾನೇ ಅವರನ್ನು ತಂದು ಅಲ್ಲಿ ಕೂರಿಸಿದೆನೋ ಏನೋ. ಗಟ್ಟಿಯಾಗಿ ಉಳಿದಿರುವ ನೆನಪು ಬೇರೆಯೇ: ಗೇಟಿನ ಹೊರಗೆ ನನ್ನ ಗೆಳತಿ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದಳು, ನಾನು ಆಗಲೇ ಟೇಪು ಸುತ್ತುತ್ತಿದ್ದೆ.

ಅಳತೆ ನೋಡಿ ನೀವು ಹುಬ್ಬು ಗಂಟಿಕ್ಕಿದಿರಿ.

"ಆಸನ ಕಮ್ಮಿ ಅನ್ಸತ್ತಲ್ಲೇ. ಕೂರಿಸಿ ತಗೊಂಡ್ಯಾ?"

"ಹೂಂ ಅತ್ತಿಗೆ, ಕೂರಿಸೇ ತಗೊಂಡೆ. ಹುಡುಗಿ ಕಡ್ಡಿ ಥರ ಇದಾಳೆ."

"ನಿನ್ನ ಥರ ಅನ್ನು," ಎಂದು ನಕ್ಕು ಸೀಮೆಸುಣ್ಣ ಕೈಗೆತ್ತಿಕೊಂಡಿರಿ.

ಹೊಲಿದ ಮೇಲೆ ಹಾಕಿಸಿ ನೋಡಲು ಹೋದವಳೂ ನಾನೇ. ಅವಳು ಕನ್ನಡಿಯ ಮುಂದೆ ನಿಂತಳು. ಮನೆಯವರೆಲ್ಲ ಜರಿಯಂಚು ಹೊಗಳಿದರು. ಒಮ್ಮೆ ಕೂತು ತೋರಿಸಮ್ಮ ಎನ್ನಬೇಕಿತ್ತು. ಅನ್ನಲಿಲ್ಲ — ಕೂತರೆ ಗೊತ್ತಾಗಿಬಿಡುತ್ತಿತ್ತಲ್ಲ.

ರಂಗಪ್ರವೇಶದ ದಿನ, ವರ್ಣ ಎಂಬ ದೀರ್ಘ ನೃತ್ಯದ ನಡುವೆ, ಪೂರ್ತಿ ಕೂತು ಏಳುವಾಗ ಹೊಲಿಗೆ ಬಿಟ್ಟಿತು, ಅದರೊಂದಿಗೆ ಹಳೆಯ ರೇಷ್ಮೆಯೂ ಹರಿಯಿತು. ಸಭೆಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಅವಳು ಪರದೆಯ ಮರೆಗೆ ಹೋದಳು. ಪಕ್ಕದಲ್ಲಿ ಕೂತಿದ್ದ ನೀವು ನನ್ನ ಕೈ ಹಿಡಿದುಕೊಂಡಿರಿ. ನನ್ನ ಕೈಯನ್ನು —

ಮರುದಿನ ಅವಳ ತಾಯಿ ಬಂದರು. "ಇಷ್ಟು ವರ್ಷದಿಂದ ಹೊಲೀತೀರ ಮೇಡಂ, ಡ್ಯಾನ್ಸ್ ಮಾಡೋ ಮಗು ಕೂರತ್ತೆ ಅಂತ ಗೊತ್ತಾಗ್ಲಿಲ್ವಾ ನಿಮಗೆ?"

"ತಪ್ಪು ನಂದೇ," ಎಂದಿರಿ. ಅಳತೆ ತಂದವಳು ನಾನು ಎಂದು ಹೇಳಲೇ ಇಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಅಲ್ಲಿಗೆ ನೀವು ನೃತ್ಯದ ಉಡುಪು ಹೊಲಿಯುವುದನ್ನು ಬಿಟ್ಟಿರಿ. ಈಗ ಸೀರೆಗೆ ಫಾಲ್, ಆಗೊಂದು ಈಗೊಂದು ರವಿಕೆ. ಅದಕ್ಕೂ ಕತ್ತರಿ ಹಾಕುವ ಮೊದಲು ನನ್ನನ್ನು ಕರೆಯುತ್ತೀರಿ: "ನೀನೊಂದ್ಸಲ ನೋಡ್ಬಿಡೇ, ನನ್ನ ಲೆಕ್ಕದ ಮೇಲೆ ನಂಗೇ ನಂಬ್ಕೆ ಇಲ್ಲ." ನಾನು ಟೇಪು ಹಿಡಿದು ನೋಡಿ, ಸರಿಯಾಗಿದೆ ಅತ್ತಿಗೆ, ಎನ್ನುತ್ತೇನೆ. ಅವತ್ತೂ ನಿಮ್ಮ ಅನುಮಾನ ಸರಿಯಾಗಿಯೇ ಇತ್ತು. ಅದನ್ನು ಮಾತ್ರ ಹೇಳಿಲ್ಲ.

ಮೊನ್ನೆ ಯಡಿಯೂರಿನ ಹುಡುಗಿಯೊಬ್ಬಳು ಸೀರೆ ಹಿಡಿದು ಬಂದಿದ್ದಳು. "ನನ್ನ ಕೈಗೆ ಆಸನ ಬರಲ್ಲಮ್ಮ, ಬೇರೆ ಕಡೆ ಹೊಲಿಸ್ಕೋ," ಎಂದು ಕಳಿಸಿದಿರಿ. ಅವಳು ಹೋದ ಮೇಲೂ ನಿಮ್ಮ ಬೆರಳು ಮೇಜಿನ ಮೇಲಿನ ದಾರವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ಭಾನುವಾರ ಬರುತ್ತೇನೆ. ಆ ಸೋದರಮಾವನನ್ನು ಜೊತೆಗೆ ಕರೆತರುವುದಿಲ್ಲ. ಕ್ಷಮಿಸಿ ಎಂದು ಮೊದಲೇ ಹೇಳಿ ನಿಮ್ಮ ಬಾಯಿ ಕಟ್ಟುವುದೂ ಇಲ್ಲ. ಆ ಪ್ರಶ್ನೆಯನ್ನು ನೀವು ಇನ್ನು ಕೇಳಲಾರಿರಿ. ಕೇಳದಿದ್ದರೂ ಉತ್ತರ ಹೇಳುತ್ತೇನೆ.

ಇಲ್ಲ, ಅತ್ತಿಗೆ. ಕೂರಿಸಲಿಲ್ಲ.